ನೂರೆಂಟು ಕೆಲಸದವನು

ನಮ್ಮ ಮಹಡಿ ಕೋಣೆಗೆ ಬಾಡಿಗೆಗೆ ಬಂದವನು ಪರದೇಶದವನು. ದೊಡ್ಡಾಸ್ಪತ್ರೆಯಲ್ಲಿ ಕ್ಯಾನ್ಸರ್ ಗಡ್ಡೆ ಸುಡುವ ಕಿರಣದ ಯಂತ್ರ ಇದೆಯಲ್ಲ, ಆ ಕಿರಣ ಕೂದಲೆಳೆಯಷ್ಟೂ ಆಚೀಚೆ ಹೋಗದ ಹಾಗೆ ಅಳೆದು ಕೊಡುವುದು ಅವನ ಕೆಲಸ. ಅವನ ಹೆಸರು ನನ್ನ ನಾಲಿಗೆಯಲ್ಲಿ ಮೂರು ಕಡೆ ಮುರಿಯುತ್ತಿತ್ತು. ಅದಕ್ಕೇ ಅಳತೆಪ್ಪ ಅಂತ ಕರೆದೆ. ಅವನೂ ಓಗೊಟ್ಟ.

ಇಂಥ ಕೆಲಸ ಬಲ್ಲ ಜನ ಇಲ್ಲಿ ಸಾಲದು ಅಂತ ಸರಕಾರವೇ ಹೊರಗಿನಿಂದ ಕರೆಸಿಕೊಳ್ಳುತ್ತದೆ. ಸುಮ್ಮನೆ ಕರೆಸುವುದಿಲ್ಲ, ಅಂಕ ಹಾಕುತ್ತದೆ. ಓದಿಗೆ ಇಷ್ಟು, ಅನುಭವಕ್ಕೆ ಇಷ್ಟು, ಸಂಬಳಕ್ಕೆ ಇಷ್ಟು, ವಯಸ್ಸಿಗೆ ಇಷ್ಟು. ಎಪ್ಪತ್ತು ಅಂಕ ಬಂದವರಿಗೆ ಪರವಾನಗಿ. ವಯಸ್ಸಾದಷ್ಟೂ ಅಂಕ ಕಡಿಮೆಯಂತೆ. ಹಾಗಾದರೆ ನನ್ನನ್ನು ಹುಟ್ಟಿದ ಊರಿಂದಲೇ ಓಡಿಸುತ್ತಾರೆ ಬಿಡು ಅಂದೆ. ಅವನು ನಗಲಿಲ್ಲ, ನನಗೆ ಎಷ್ಟು ಬರುತ್ತದೆ ಅಂತ ನಿಜವಾಗಿಯೂ ಕೂಡಿಸಿ ನೋಡಿದ. ಐದು ಬಂತು. ಇಲ್ಲಿನ ಮಾತು ಬರುತ್ತದಲ್ಲ, ಅದಕ್ಕೆ.

ಆ ಮನುಷ್ಯನೇ ಹಾಗೆ. ನಲ್ಲಿ ಸೋರಿ ಮನೆ ಕೆರೆಯಾಯಿತು ಅಂತ ನಾನು ಅಂದರೆ, ಬಕೆಟ್ ಒಳಗೆ ಇಣುಕಿ ಮೂರು ಲೀಟರ್ ಅನ್ನುತ್ತಿದ್ದ. ಪಕ್ಕದ ಮನೆ ಟೈಲರಮ್ಮನನ್ನು ಸಾವಿರ ಸಲ ಕೂಗಿದರೂ ಬರಲಿಲ್ಲ ಅಂದರೆ, ಎರಡು ಸಲ ಕೂಗಿದಿರಿ ಅನ್ನುತ್ತಿದ್ದ. ನನ್ನ ಯಜಮಾನರು ಹೋದ ಮೇಲೆ ಆ ಮನೆಯಲ್ಲಿ ನನಗೆ ಎದುರು ಮಾತಾಡುವವರೇ ಇರಲಿಲ್ಲ. ಗೋಡೆ ಎಷ್ಟು ಅಂತ ಕೇಳಿಸಿಕೊಳ್ಳುತ್ತದೆ?

ಮೂರು ವರ್ಷಕ್ಕೆ ಪರವಾನಗಿ ಮುಗಿಯುತ್ತ ಬಂತು. ಮುಂದುವರಿಸಿ ಅಂತ ಅರ್ಜಿ ಹಾಕಿದ. ಅರ್ಜಿ ಹಾಕಿದವರ ಮನೆಗೆ ತಪಾಸಣೆಗೆ ಬರುತ್ತಾರಂತೆ. ಒಂದು ದಿನ ಅವನು ಆಸ್ಪತ್ರೆಗೆ ಹೋಗಿದ್ದಾಗ ಒಬ್ಬಳು ಆಫೀಸರಮ್ಮ ಬಂದಳು. ಚಿಕ್ಕ ವಯಸ್ಸು, ಕೈಯಲ್ಲಿ ಹಲಗೆಯಷ್ಟು ದೊಡ್ಡ ಫೋನು. ಇಲ್ಲೇ ಇರುತ್ತಾನಾ, ಎಷ್ಟು ದಿನದಿಂದ, ಹೇಗೆ ಜನ ಅಂತೆಲ್ಲ ಕೇಳಿದಳು. ನಾಲ್ಕು ಒಳ್ಳೆ ಮಾತು ಹೇಳಿದರೆ ನಾಲ್ಕು ಅಂಕ ಹೆಚ್ಚು ಬೀಳುತ್ತದೆ ಅಂದುಕೊಂಡೆ ನಾನು.

"ಅವನಂಥ ಕೆಲಸಗಾರ ಭೂಮಿ ಮೇಲೆ ಇಲ್ಲ ತಾಯಿ. ಆಸ್ಪತ್ರೆಯಿಂದ ಬಂದ ಮೇಲೂ ಕೈ ಕಟ್ಟಿ ಕೂರಲ್ಲ. ನಮ್ಮ ಬೀದಿಗೇ ನೂರೆಂಟು ಕೆಲಸ ಮಾಡಿಕೊಡ್ತಾನೆ."

"ನೂರೆಂಟಾ?"

"ಹೂಂ, ನೂರೆಂಟು."

"ಅದಕ್ಕೆ ಏನಾದ್ರೂ ತಗೋತಾರಾ?"

"ನಾನು ಬರಿಗೈಲಿ ಕಳಿಸ್ತೀನಾ? ದಿನಾ ಹೊಟ್ಟೆ ಬಿರಿಯೋ ಹಾಗೆ ಊಟ ಹಾಕ್ತೀನಿ."

ಅವಳು ಹಲಗೆಯ ಮೇಲೆ ಟಕಟಕ ಒತ್ತಿಕೊಂಡಳು. ಕೆಳಗೆ ಸಹಿ ಮಾಡಿ ಅಂದಳು. ಬೆರಳಲ್ಲೇ ಸಹಿ ಎಳೆದೆ. ಇರುವೆ ಮಸಿಯಲ್ಲಿ ಬಿದ್ದು ಎದ್ದು ನಡೆದ ಹಾಗೆ ಬಂತು. ಅವತ್ತು ಸಂಜೆ ಅಳತೆಪ್ಪನಿಗೆ, ನಿನ್ನ ಕೆಲಸ ಆಯ್ತು ಅಂದುಕೋ, ನಾನಿದ್ದೀನಲ್ಲ ಅಂದೆ.

ಹತ್ತು ದಿನಕ್ಕೆ ಕಾಗದ ಬಂತು. ಅವನು ಬಾಗಿಲಲ್ಲೇ, ಬೂಟು ಬಿಚ್ಚದೆ ಓದಿದ. ನಾನು ಕೇಳಿದ್ದಕ್ಕೆ ಗಟ್ಟಿಯಾಗಿ ಓದಿ ಹೇಳಿದ. ಯಾವ ಕೆಲಸಕ್ಕೆ ಕರೆಸಿದ್ದಾರೋ ಅದೊಂದನ್ನೇ ಮಾಡಬೇಕು. ಬೇರೆ ಕೆಲಸ ಮಾಡಿ ದುಡ್ಡಾಗಲಿ, ವಸ್ತುವಾಗಲಿ ತಗೊಂಡರೆ ಪರವಾನಗಿ ರದ್ದು. ತಪಾಸಣೆಯಲ್ಲಿ ಕಂಡುಬಂದ ಬೇರೆ ಕೆಲಸಗಳು, ನೂರ ಎಂಟು. ಪ್ರತಿಫಲ, ದಿನನಿತ್ಯದ ಊಟ. ಏಳು ದಿನದಲ್ಲಿ ಬಂದು ಸಮಜಾಯಿಷಿ ಕೊಡದಿದ್ದರೆ ತಿಂಗಳೊಳಗೆ ದೇಶ ಬಿಡಬೇಕು.

ಅವನು ಬೈಯಲಿಲ್ಲ.

"ನಾಲ್ಕು, ಅಜ್ಜಿ," ಅಂದ.

"ಏನು ನಾಲ್ಕು?"

"ನಾನು ಮಾಡಿದ್ದು. ನಲ್ಲಿ ಎರಡು ಸಲ, ಫ್ಯಾನು ಒಂದು ಸಲ, ಟೈಲರಮ್ಮನ ಮಿಷನ್ನು ಒಂದು ಸಲ. ಮೂರು ವರ್ಷದಲ್ಲಿ."

ಮೇಲೆ ಹೋದ. ಸ್ವಲ್ಪ ಹೊತ್ತಿಗೆ ಮಂಚದ ಕೆಳಗಿನಿಂದ ಸೂಟ್‌ಕೇಸು ಎಳೆಯುವ ಸದ್ದು ಕೇಳಿಸಿತು. ನನ್ನ ಎದೆಯ ಮೇಲೇ ಎಳೆದ ಹಾಗಾಯಿತು.

ಮೂರನೇ ದಿನ ಅವನ ಜೊತೆ ನಾನೂ ಆಫೀಸಿಗೆ ಹೋದೆ. ಟೈಲರಮ್ಮನನ್ನೂ ಎಳೆದುಕೊಂಡು ಹೋದೆ, ಅವಳ ಮಿಷನ್ನಿನ ವಿಚಾರವೂ ಇತ್ತಲ್ಲ. ಕಬ್ಬಿಣದ ಕುರ್ಚಿ, ಗೋಡೆಗೊಂದು ದೊಡ್ಡ ಗಡಿಯಾರ. ನಮ್ಮ ಚೀಟಿಯ ನಂಬರು ಕೂಗಿದಾಗ ಒಳಗೆ ಅದೇ ಆಫೀಸರಮ್ಮ ಕೂತಿದ್ದಳು.

ನೀವೇ ಹೇಳಿದ್ದಲ್ವಾ ಅಂತ ನನ್ನ ಸಹಿ ತೋರಿಸಿದಳು. ಹೇಳಿದ್ದು ಹೌದು, ಆದರೆ ನೂರೆಂಟು ಅಂದರೆ ಅಂಕಿ ಅಲ್ಲ ತಾಯಿ, ಅದು ಮಾತು ಅಂದೆ. ನೂರೆಂಟು ಸಲ ಹೇಳಿದ್ದೀನಿ ಅಂತ ನಿಮ್ಮಮ್ಮ ನಿಮ್ಮನ್ನ ಬೈದಿಲ್ವಾ ಅಂತ ಕೇಳಿದೆ. ಬೈದಿದ್ದಾರೆ, ಆದರೆ ಈ ಖಾನೆಯಲ್ಲಿ ಅಂಕಿ ಬಿಟ್ಟು ಬೇರೇನೂ ಹಿಡಿಯಲ್ಲ ಅಂದಳು. ನಾಲ್ಕೇ ನಾಲ್ಕು ಕೆಲಸ ಅಂತ ನಾನು ಒಂದೊಂದಾಗಿ ಹೇಳಿದೆ.

"ಅವತ್ತು ನೂರೆಂಟು ಅಂದ್ರಿ, ಇವತ್ತು ನಾಲ್ಕು ಅಂತೀರಿ. ಯಾವುದನ್ನ ನಂಬಲಿ?"

ಆಗ ಟೈಲರಮ್ಮ ಕುರ್ಚಿ ಮುಂದಕ್ಕೆ ಎಳೆದುಕೊಂಡಳು.

"ಮೇಡಂ, ಈ ಅಕ್ಕ ನೆಗಡಿ ಆದ್ರೆ ಸತ್ತೇ ಹೋದೆ ಅಂತಾಳೆ. ನಾನು ಬಲ್ಲ ಹಾಗೆ ಇಪ್ಪತ್ತು ಸಲ ಸತ್ತಿದ್ದಾಳೆ."

ಅಲ್ಲಿಗೆ ನಿಲ್ಲಿಸಲಿಲ್ಲ. ಅವಳು ಹೊಲಿದ ರವಿಕೆಯೊಳಗೆ ಆನೆ ನುಗ್ಗಬಹುದು ಅಂತ ನಾನು ಬೀದಿಗೆಲ್ಲ ಸಾರಿದ್ದು, ನಮ್ಮ ಹಿತ್ತಲಿಗೆ ಬಂದ ಕೇರೆ ಹಾವನ್ನು ತೆಂಗಿನ ಮರದಷ್ಟು ಉದ್ದ ಮಾಡಿದ್ದು, ಒಂದನ್ನೂ ಬಿಡಲಿಲ್ಲ. ಮೂವತ್ತು ವರ್ಷದಿಂದ ಯಾರಾದರೂ ಕೇಳಲಿ ಅಂತಲೇ ಕಾಯುತ್ತಿದ್ದಳೋ ಏನೋ. ಒಂದೊಂದಕ್ಕೂ ಆಫೀಸರಮ್ಮ ನನ್ನ ಕಡೆ ನೋಡುತ್ತಿದ್ದಳು. ನನ್ನ ಮರ್ಯಾದೆ ಆ ಮೇಜಿನ ಮೇಲೆ ಅಂಗಾತ ಬಿದ್ದಿತ್ತು. ಹೌದು, ಹೌದು ಅಂತ ತಲೆ ಆಡಿಸುತ್ತ ಕೂತೆ. ಅಳತೆಪ್ಪ ನೆಲ ನೋಡುತ್ತಿದ್ದ.

ಆಮೇಲೆ ಊಟದ ವಿಚಾರ ಬಂತು. ದಿನಾ ಅಲ್ಲ, ವಾರಕ್ಕೆ ಎರಡು ದಿನ ಅಂದೆ. ಕೆಲಸಕ್ಕೆ ಬದಲಾಗಿ ಹಾಕ್ತೀರಾ ಅಂತ ಕೇಳಿದಳು.

"ಅಲ್ಲಮ್ಮ. ಒಬ್ಬಳೇ ಕೂತು ಉಣ್ಣಕ್ಕಾಗಲ್ಲ. ಅದಕ್ಕೆ."

ಅವಳು ತಟ್ಟನೆ, ಹೊರಗೆ ಎಷ್ಟು ಹೊತ್ತು ಕಾದಿರಿ ಅಂತ ಕೇಳಿದಳು. ಒಂದು ಯುಗ ಅಂತ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಒಂದು ಗಂಟೆ ಹತ್ತು ನಿಮಿಷ ಅಂದೆ. ಅವಳು ನಮ್ಮ ಚೀಟಿಯ ಮೇಲಿದ್ದ ಹೊತ್ತನ್ನೂ ನಮ್ಮನ್ನು ಒಳಗೆ ಕರೆದ ಹೊತ್ತನ್ನೂ ತಾಳೆ ನೋಡಿದಳು, ಸರಿಯಿತ್ತು. ಹೊಸ ಹೇಳಿಕೆ ಟೈಪು ಮಾಡಿ ಓದಿದಳು. ಹಿಂದೆ ನಾನು ಹೇಳಿದ್ದು ಅತಿಶಯೋಕ್ತಿ ಅಂತ ಅದರಲ್ಲಿತ್ತು. ಹಾಗಂದರೇನು ಅಂತ ಕೇಳಿದೆ.

"ಅಂದ್ರೆ ನೀನೇ ಅಕ್ಕ," ಅಂದಳು ಟೈಲರಮ್ಮ.

ಸಹಿ ಹಾಕಿದೆ.

ಹದಿನೈದು ದಿನಕ್ಕೆ ಪರವಾನಗಿ ಬಂತು, ಇನ್ನೂ ಮೂರು ವರ್ಷಕ್ಕೆ. ಊಟಕ್ಕೆ ಅಡ್ಡಿಯಿಲ್ಲ, ಆದರೆ ಇನ್ನು ಮುಂದೆ ಯಾರ ಮನೆಯ ರಿಪೇರಿಗೂ ಕೈ ಹಾಕಕೂಡದು ಅಂತ ಕೆಳಗೆ ಬರೆದಿದ್ದರು. ಸೂಟ್‌ಕೇಸು ಮತ್ತೆ ಮಂಚದ ಕೆಳಗೆ ಹೋದ ಸದ್ದನ್ನು ನಾನು ಮೆಟ್ಟಿಲ ಬುಡದಲ್ಲಿ ನಿಂತು ಕೇಳಿಸಿಕೊಂಡೆ.

ನಲ್ಲಿಗೆ ಇದೆಲ್ಲ ಗೊತ್ತಾಗುತ್ತದಾ? ಅದೇ ವಾರ ಮತ್ತೆ ಸೋರಿತು. ಅಳತೆಪ್ಪ ಅಡುಗೆಮನೆ ಬಾಗಿಲಲ್ಲಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಮುಟ್ಟಬೇಡ ಅಂದೆ. ಮುಟ್ಟಲ್ಲ, ಹೇಳಿಕೊಡಬಾರದು ಅಂತ ಎಲ್ಲೂ ಬರೆದಿಲ್ಲ ಅಂದ. ಸ್ಪ್ಯಾನರ್ ನನ್ನ ಕೈಗೆ ಬಂತು.

"ಎಡಕ್ಕೆ ಕಾಲು ಸುತ್ತು. ಅಜ್ಜಿ, ಕಾಲು ಅಂದೆ."

ನಾನು ತಿರುಗಿಸಿದ್ದು ಮುಕ್ಕಾಲು. ತಲೆಗೂದಲಿಂದ ಸೆರಗಿನವರೆಗೂ ನೆನೆದೆ. ಕೊನೆಗೂ ಹಳೇ ವಾಷರ್ ಬಂತು, ಹೊಸದು ಕೂತಿತು, ಹನಿ ನಿಂತಿತು.

ಮಾರನೇ ದಿನ ಟೈಲರಮ್ಮ ಬಂದವಳು ಒಣಗಿದ ನಲ್ಲಿ ನೋಡಿ ಮುಖ ಗಂಟು ಹಾಕಿದಳು. ಯಾರು ಮಾಡಿದ್ದು ಅಂತ ಕೇಳಿದಳು. ನಾನೇ ಅಂದೆ. ಅವಳು ಸೂರಿನ ಕಡೆ, ಅವನ ಕೋಣೆ ಇರುವ ಕಡೆ ನೋಡಿದಳು.

"ಅಕ್ಕ, ಮತ್ತೆ ಶುರು ಮಾಡ್ಬೇಡ. ಪಾಪ ಆ ಹುಡುಗನ್ನ ಊರು ಬಿಡಿಸ್ತೀಯ."

ಎಷ್ಟು ಹೇಳಿದರೂ ನಂಬಲಿಲ್ಲ. ಅಷ್ಟರಲ್ಲಿ ಅಳತೆಪ್ಪ ಆಸ್ಪತ್ರೆಗೆ ಹೊರಟು ಕೆಳಗಿಳಿದು ಬಂದ. ಕೇಳು ಇವನನ್ನೇ ಅಂದೆ.

"ಅವರೇ ಮಾಡಿದ್ದು," ಅಂದ ಬೂಟು ಹಾಕಿಕೊಳ್ಳುತ್ತ. "ಒಂದು ವಾಷರ್. ಐವತ್ತು ನಿಮಿಷ."

ಆಗ ನಂಬಿದಳು.