ಬರೆಯದೆ ಇದ್ದ ಕಾಯಿಲೆ

ಪತ್ರ ಬಂದ ದಿನ ತನಗೆ ಸೊಗಸಾದ ನಿದ್ದೆ ಬಂದಿತ್ತು ಅನ್ನುವುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಡೈರಿಯಲ್ಲಿ ಮಾತ್ರ ಬರೆದುಕೊಂಡಿದ್ದಳು, ಅದೂ ಪೆನ್ಸಿಲಿನಲ್ಲಿ. 'ನಿಮ್ಮ ವೈದ್ಯ ಪದವಿ ಈ ದೇಶದಲ್ಲಿ ನಡೆಯುವುದಿಲ್ಲ, ಹೊಸದಾಗಿ ಪರೀಕ್ಷೆ ಬರೆಯಬೇಕು ಅಂತ ಪತ್ರ ಬಂತು. ಅಕ್ಕ ಅತ್ತಳು. ಭಾವ ಎರಡು ಸಲ ಟೀ ಮಾಡಿದರು. ನಾನು ಹೋಗಿ ಮಲಗಿದೆ. ಬೆಳಿಗ್ಗೆ ಎಂಟರ ತನಕ ಎಚ್ಚರವೇ ಇಲ್ಲ. ನನ್ನಲ್ಲಿ ಏನೋ ಐಬು ಇರಬೇಕು.'

ಐಬು ಏನೆಂದು ಪತ್ತೆ ಮಾಡಲು ಅವಳು ತನ್ನನ್ನೇ ರೋಗಿಯ ಹಾಗೆ ಕೂರಿಸಿಕೊಂಡು ನೋಡಿದ್ದಳು. ನಾಡಿ ಸರಿಯಿದೆ. ಹಸಿವು ಸರಿಯಿದೆ. ದುಃಖ, ಎಷ್ಟು ಹುಡುಕಿದರೂ, ಕೈಗೆ ಸಿಗಲಿಲ್ಲ.

ಅಕ್ಕನ ಮನೆ ಮೂರನೆಯ ಮಹಡಿಯಲ್ಲಿ. ಎರಡೇ ಕೋಣೆ. ಬಿಡಿಸಿದರೆ ಹಾಸಿಗೆಯಾಗುವ ಸೋಫಾ ಅವಳ ಪಾಲಿನದು. ಅದರ ನಡುವಿನ ಸ್ಪ್ರಿಂಗು ಮಗ್ಗುಲು ಬದಲಿಸಿದಾಗಲೆಲ್ಲ ನರಳುತ್ತಿತ್ತು. ಲಿಫ್ಟಿನಲ್ಲಿ ಯಾರು ಸಿಕ್ಕಿದರೂ ಅಕ್ಕನ ಬಾಯಿಂದ ಮೊದಲು ಬರುತ್ತಿದ್ದ ಮಾತು ಒಂದೇ: "ಇವಳು ನನ್ನ ತಂಗಿ. ಡಾಕ್ಟರು." ಕೂಡಲೇ ಕೆಳಗಿನ ಮನೆಯ ಅಜ್ಜ ನಾಲಿಗೆ ಚಾಚಿ ತೋರಿಸುತ್ತಿದ್ದ. ಎದುರುಮನೆಯಾಕೆ ಮಂಡಿಯ ಪುರಾಣ ಬಿಚ್ಚುತ್ತಿದ್ದಳು. ಇವಳು ಲಿಫ್ಟಿನ ಕೆಂಪು ಅಂಕಿಗಳನ್ನೇ ನೋಡುತ್ತ, "ನೀರು ಜಾಸ್ತಿ ಕುಡೀರಿ" ಅಂದು ನೆಲಮಹಡಿ ಬರಲೆಂದು ಕಾಯುತ್ತಿದ್ದಳು.

ಹಾಗೆಂದು ಅಕ್ಕನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ? ಇವಳು ಓದುತ್ತಿದ್ದ ಐದೂವರೆ ವರ್ಷವೂ ಅಕ್ಕ ಈ ದೇಶದಲ್ಲಿ ಕೂತು ಎರಡು ಗಡಿಯಾರ ಇಟ್ಟುಕೊಂಡಿದ್ದಳು. ಒಂದು ಇಲ್ಲಿಯದು, ಇನ್ನೊಂದು ತಂಗಿಯದು. ಪರೀಕ್ಷೆಯ ದಿನಗಳಲ್ಲಿ ಅಲ್ಲಿ ಬೆಳಗಿನ ನಾಲ್ಕಾದಾಗ ಇಲ್ಲಿಂದ ಫೋನು ಮಾಡಿ, "ಏಳೇ ಪುಟ್ಟಿ, ಮುಖ ತೊಳ್ಕೋ, ಲೈಟು ಹಾಕಿದ ಸದ್ದು ಕೇಳಿಸಲಿ" ಎಂದು ಎಬ್ಬಿಸುತ್ತಿದ್ದಳು. ಅಂಥ ಅಕ್ಕನಿಗೆ ಹೇಳಬಾರದ ಮಾತುಗಳೆಲ್ಲ ಪೆನ್ಸಿಲಿಗೆ ಹೋಗುತ್ತಿದ್ದವು.

ಮೆಡಿಕಲ್ ಕೋಡಿಂಗ್ ಕೆಲಸದ ಸುದ್ದಿ ತಂದವರು ಭಾವ. ರೋಗಿ ಮನೆಗೆ ಹೋದ ಮೇಲೆ ಅವನ ಫೈಲು ಹಿಂದೆ ಉಳಿಯುತ್ತದಲ್ಲ, ಅದನ್ನು ಓದಿ, ಡಾಕ್ಟರು ಬರೆದ ಒಂದೊಂದು ಕಾಯಿಲೆಗೂ ಒಂದೊಂದು ಚಿಕಿತ್ಸೆಗೂ ದಪ್ಪ ಪಟ್ಟಿಯಿಂದ ಸರಿಯಾದ ಸಂಕೇತ ಹುಡುಕಿ ಹಚ್ಚಬೇಕು. ವಿಮೆಯವರಿಗೆ ಹೋಗುವುದು ಆ ಸಂಕೇತಗಳೇ. ಆರು ತಿಂಗಳ ತರಗತಿ, ಕೊನೆಗೊಂದು ಸರ್ಟಿಫಿಕೇಟು.

"ಅಷ್ಟು ಓದಿದ್ದು ಗುಮಾಸ್ತೆ ಆಗೋದಕ್ಕಾ?" ಎಂದಳು ಅಕ್ಕ.

"ಪರೀಕ್ಷೆ ಬರೆಯೋ ತನಕ ಕೈಗೊಂದು ಕೆಲಸ, ಬಿಡೇ" ಎಂದು ಭಾವ ಪಟ್ಟಿಯ ಪುಸ್ತಕ ತಿರುವಿ ಹಾಕತೊಡಗಿದರು. "ನೋಡಿಲ್ಲಿ! ಬಾತುಕೋಳಿ ಕಚ್ಚಿದ್ದಕ್ಕೆ ಒಂದು ಸಂಕೇತ, ಗಿಳಿ ಕಚ್ಚಿದ್ದಕ್ಕೆ ಇನ್ನೊಂದು. ಹೆಂಡತಿ ಕಚ್ಚಿದ್ರೆ?"

"ಇದೆ ಭಾವ. ಮನುಷ್ಯರು ಕಚ್ಚಿದ್ದಕ್ಕೆ ಬೇರೆ ಪುಟ."

"ಹಾಗಾದ್ರೆ ಆ ಪುಟಕ್ಕೊಂದು ಗುರುತು ಇಟ್ಟಿರು."

ತರಗತಿ ಮುಗಿದ ಮೇಲೆ ಹನ್ನೊಂದು ಕಡೆ ಅರ್ಜಿ ಹಾಕಿದಳು. ಎಲ್ಲರೂ 'ವೈದ್ಯೆ' ಎಂಬ ಪದದ ಮೇಲೆ ಬೆರಳಿಟ್ಟು ನಯವಾಗಿ ಒಂದೇ ಮಾತು ಹೇಳಿ ಕಳಿಸಿದರು: ನೀವು ನಿಲ್ಲೋರಲ್ಲ. ಹನ್ನೆರಡನೆಯ ಅರ್ಜಿಯಲ್ಲಿ ಭಾವನ ಸಲಹೆಯಂತೆ ಆ ಪದ ಕೈಬಿಟ್ಟು, 'ಆಸ್ಪತ್ರೆಯಲ್ಲಿ ಮೂರು ವರ್ಷದ ಅನುಭವ' ಎಂದಷ್ಟೇ ಬರೆದಳು. ಸುಳ್ಳಲ್ಲ. ಆದರೆ ಬರೆಯುವಾಗ ಕಿವಿ ಬಿಸಿಯಾಯಿತು. ವಾರದೊಳಗೆ ಕರೆ ಬಂತು: ಮೂರು ವಾರ ಕೂತು ಕಲಿಯಿರಿ, ಆಮೇಲೆ ಇಪ್ಪತ್ತು ಫೈಲಿನ ಪರೀಕ್ಷೆ, ಪಾಸಾದರೆ ಕೆಲಸ.

ಆ ಕಚೇರಿ ಒಂದು ಗೋದಾಮಿನ ಮೇಲಂತಸ್ತಿನಲ್ಲಿತ್ತು. ಮೂವತ್ತು ಮೇಜು, ಒಂದೊಂದರ ಮೇಲೂ ಎರಡೆರಡು ಪರದೆ. ಎಡಗಡೆ ಫೈಲು, ಬಲಗಡೆ ಸಂಕೇತ. ಯಾರೂ ಮಾತಾಡುತ್ತಿರಲಿಲ್ಲ. ಮೂವತ್ತು ಜನರ ಬೆರಳುಗಳಿಂದ ಹೊರಡುತ್ತಿದ್ದ ಸದ್ದು, ದೂರದ ಮನೆಯಲ್ಲಿ ಯಾರೋ ಮೊರದಲ್ಲಿ ಬೇಳೆ ಆರಿಸುತ್ತಿರುವಂತೆ ಕೇಳುತ್ತಿತ್ತು. ಎತ್ತರದ ಕಿಟಕಿಗಳಿಂದ ಬಿದ್ದ ಬಿಸಿಲು ಬೆಳಿಗ್ಗೆ ಬಾಗಿಲ ಹತ್ತಿರ ಇರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ತೆವಳುತ್ತ ಬಂದು ಅವಳ ಪಾದದ ಮೇಲೆ ಕೂರುತ್ತಿತ್ತು.

ಅಲ್ಲಿ ಅವಳಿಗೊಂದು ವಿಚಿತ್ರ ಅನುಭವ ಆಗತೊಡಗಿತು. ಫೈಲು ತೆರೆದರೆ ಯಾರದೋ ಮನೆಯ ಹಿತ್ತಲ ಬಾಗಿಲು ತಳ್ಳಿಕೊಂಡು ಒಳಗೆ ಹೋದ ಹಾಗೆ. ಒಳಗಿನವರಿಗೆ ಇವಳು ಕಾಣುವುದಿಲ್ಲ. ಇವಳಿಗೆ ಎಲ್ಲವೂ ಕಾಣುತ್ತದೆ. ನರ್ಸು ಬೆಳಗಿನ ಜಾವ ಬರೆದಿಟ್ಟ ಒಂದು ಸಾಲು: 'ಮಗಳು ಬಂದರೆ ಎಬ್ಬಿಸಿ ಅಂದಿದ್ದಾರೆ.' ದಾಖಲಾದವರೊಬ್ಬರ ಸಾಮಾನಿನ ಪಟ್ಟಿ: 'ಕನ್ನಡಕ ಒಂದು, ಹಲ್ಲಿನ ಸೆಟ್ಟು ಒಂದು, ಬಲಗಾಲಿನ ಬೂಟು ಒಂದು.' ಎಡಗಾಲಿನದು ಎಲ್ಲಿ ಹೋಯಿತು ಎಂದು ಅವಳು ಅರ್ಧ ದಿನ ಯೋಚಿಸಿದಳು. ಮೋಡದೊಳಗೆ ನಡೆದಂತೆ ಒಬ್ಬೊಬ್ಬರನ್ನೂ ಹಾದು, ಅವರವರ ಕಾಯಿಲೆಗೆ ಅದರದರ ಸಂಕೇತ ಹಚ್ಚಿ, ಬಾಗಿಲು ಸದ್ದಾಗದಂತೆ ಎಳೆದುಕೊಂಡು ಹೊರಗೆ ಬರುತ್ತಿದ್ದಳು. ಯಾರೂ ಅವಳ ಮುಖ ನೋಡುತ್ತಿರಲಿಲ್ಲ.

ಮುಖ. ಹಿಂದೆ, ಅವಳು ಕೆಲಸ ಮಾಡಿದ ಆಸ್ಪತ್ರೆಯಲ್ಲಿ, ತುರ್ತು ವಾರ್ಡಿನ ಬಾಗಿಲು ತೆರೆದರೆ ಸಾಕು, ಬೆಂಚಿನ ಮೇಲೆ ಕೂತ ಎಂಟೊಂಬತ್ತು ಜನ ಒಟ್ಟಿಗೆ ತಲೆ ಎತ್ತುತ್ತಿದ್ದರು. ಅವಳು ಬಾಯಿ ತೆರೆಯುವ ಮುಂಚೆಯೇ ಅವರಿಗೆ ಉತ್ತರ ಅವಳ ಮುಖದಲ್ಲೇ ಸಿಕ್ಕಿಬಿಡುತ್ತಿತ್ತು. ಹೇಳಬೇಕಾದ ವಾಕ್ಯಗಳನ್ನು ಬಚ್ಚಲಮನೆಯ ಕನ್ನಡಿಯ ಮುಂದೆ ಬಾಯಿಪಾಠ ಮಾಡಿ ಬಂದರೂ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಜೊತೆಯವರೆಲ್ಲ ಊಟಕ್ಕೆ ಹೋದಾಗ ಇವಳೊಬ್ಬಳೇ ಕೂತು ಎಲ್ಲರ ಪಾಲಿನ ಕೇಸ್ ಶೀಟೂ ಬರೆದುಕೊಡುತ್ತಿದ್ದಳು. ಒಳ್ಳೆಯ ಹುಡುಗಿ ಎಂದು ಹೆಸರು ಬಂದಿತ್ತು.

ಈ ಕಚೇರಿಯ ಮೇಲ್ವಿಚಾರಕಿ ಸದಾ ಹೆಗಲ ಮೇಲೊಂದು ಬೂದು ಶಾಲು ಹೊದ್ದ ದೊಡ್ಡ ಹೆಂಗಸು. ಎಲ್ಲರೂ ಬೆನ್ನ ಹಿಂದೆ 'ಎಲ್ಲಿದೆ ಮೇಡಂ' ಅನ್ನುತ್ತಿದ್ದರು. ಯಾವ ಸಂಕೇತ ತೋರಿಸಿದರೂ ಆಕೆ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಡಾಕ್ಟರು ಬರೆದಿರೋದು ಎಲ್ಲಿದೆ?" ಈ ಕೆಲಸದ ಮೊದಲ ಪಾಠವೂ ಅದೇ. ಡಾಕ್ಟರು ಬರೆಯದೆ ಇದ್ದರೆ ಆ ಕಾಯಿಲೆ ಇಲ್ಲ, ರೋಗಿ ಅದರಿಂದಲೇ ಮಲಗಿದ್ದರೂ ಸರಿ.

ಪರೀಕ್ಷೆಯ ದಿನ ಹದಿನಾರನೆಯ ಫೈಲಿನಲ್ಲಿ ಒಬ್ಬ ಮುದುಕ ಸಿಕ್ಕಿದ. ಬಚ್ಚಲಲ್ಲಿ ಬಿದ್ದಿದ್ದ. ಮಗನನ್ನು ತಮ್ಮನ ಹೆಸರಿನಿಂದ ಕರೆಯುತ್ತಿದ್ದ. ಡಾಕ್ಟರು ಅವಸರದಲ್ಲಿ ಬರೆದದ್ದು ಇಷ್ಟೇ: 'ಸೋಡಿಯಂ ನೂರ ಇಪ್ಪತ್ತೊಂದು. ಸಲೈನ್ ಏರಿಸಿದೆ. ಈಗ ಪರವಾಗಿಲ್ಲ.' ಅವಳ ಕಣ್ಣ ಮುಂದೆ ಆ ಮುದುಕ ಮಂಜಿನಲ್ಲಿ ನಿಂತ ಹಾಗೆ ನಿಂತ. ಒಣಗಿದ ತುಟಿ, ಕಂಗಾಲಾದ ಕಣ್ಣು. ಅಯ್ಯೋ, ರಕ್ತದಲ್ಲಿ ಉಪ್ಪಿನಂಶ ಇಳಿದುಹೋಗಿದೆ, ಅದಕ್ಕೇ ಬಿದ್ದಿದ್ದಾನೆ, ಅದಕ್ಕೇ ಮಗನ ಗುರುತಿಲ್ಲ. ಕೈ ತಾನಾಗಿ ಹೋಗಿ ಆ ಕಾಯಿಲೆಯ ಸಂಕೇತ ಒತ್ತಿಬಿಟ್ಟಿತು.

ಮೂರು ದಿನ ಕಳೆದ ಮೇಲೆ ಮೇಡಂ ಅವಳನ್ನು ಗಾಜಿನ ಕೋಣೆಗೆ ಕರೆದರು.

"ಕೂತ್ಕೊಳ್ಳಿ. ಹದಿನಾರನೇ ಫೈಲು. ಸೋಡಿಯಂ ಕೊರತೆ ಅಂತ ಹಾಕಿದೀರಿ. ಎಲ್ಲಿದೆ?"

"ನೂರ ಇಪ್ಪತ್ತೊಂದು ಅಂತ ಇದೆ ಮೇಡಂ."

"ಅದು ಅಂಕಿ. ಕಾಯಿಲೆ ಎಲ್ಲಿದೆ?"

ಮೇಡಂ ಪರದೆಯ ಮೇಲೆ ಬೆರಳನ್ನು ಮೇಲಕ್ಕೆ ಸರಿಸಿದರು.

"ಒಂಬತ್ತರಲ್ಲಿ ಕಿಡ್ನಿ ತೊಂದರೆ. ಹದಿಮೂರರಲ್ಲಿ ರಕ್ತಹೀನತೆ. ಮೂರು ಕಡೆ ಡಾಕ್ಟರು ಬರೀದೇ ಇದ್ದದ್ದನ್ನ ನೀವು ಬರೆದಿದೀರಿ. ಮಜಾ ಏನು ಗೊತ್ತಾ? ಆಸ್ಪತ್ರೆಗೆ ಕೇಳಿ ಕಳಿಸಿದೆ. ಮೂರೂ ನಿಜವಂತೆ." ಮೇಡಂ ಶಾಲು ಸರಿಮಾಡಿಕೊಂಡರು. "ಈ ತಪ್ಪು ಹೊಸಬರು ಮಾಡಲ್ಲ ತಾಯಿ. ಅವರಿಗೆ ಅಂಕಿ ನೋಡಿದ್ರೆ ಅಂಕಿ ಮಾತ್ರ ಕಾಣ್ಸುತ್ತೆ. ನೀವು ಡಾಕ್ಟರು ಅಲ್ವಾ?"

ಅವಳು ತಲೆ ಆಡಿಸಿದಳು, ಕತ್ತು ನೋಯುತ್ತಿರುವವರ ಹಾಗೆ, ಒಂದೇ ಸಲ.

"ಹಿಂದೆ ಇಬ್ಬರು ಬಂದಿದ್ರು, ನಿಮ್ಮ ಹಾಗೇ. ಕಲಿಸಿ ಕಲಿಸಿ ನನ್ನ ಗಂಟಲು ಕಟ್ಟಿಹೋಯ್ತು. ಡಾಕ್ಟರ ಪರೀಕ್ಷೆ ಪಾಸಾದ್ರು, ಹೊರಟೇ ಹೋದ್ರು, ಒಂದು ಟಾಟಾ ಕೂಡ ಇಲ್ಲ." ಪರದೆಯತ್ತ ತಿರುಗಿದರು. "ಉಳಿದ ಹದಿನೇಳು ಫೈಲಲ್ಲಿ ಒಂದು ಚುಕ್ಕೆ ತಪ್ಪಿಲ್ಲ. ಇಷ್ಟು ಚೊಕ್ಕವಾಗಿ ಮಾಡೋರನ್ನ ನಾನು ನೋಡಿ ಬಹಳ ದಿನ ಆಯ್ತು. ಅನುಮಾನ ಬಂದ್ರೆ ಡಾಕ್ಟರಿಗೊಂದು ಪ್ರಶ್ನೆ ಕಳಿಸಿ, ಉತ್ತರ ಬರೋ ತನಕ ಕೈಕಟ್ಟಿ ಕೂರಬೇಕು. ಅದನ್ನ ಕಲಿಸ್ತೀನಿ. ನಿಲ್ಲೋದನ್ನ ಕಲಿಸೋಕೆ ನನ್ನಿಂದ ಆಗಲ್ಲ. ಎರಡು ವರ್ಷ ಇರ್ತೀರಾ? ಮನೇಲಿ ಮಾತಾಡಿ, ನಾಳೆ ಹತ್ತು ಗಂಟೆಗೆ ಬಂದು ಹೇಳಿ. ಬಾಯಿಬಿಟ್ಟು ಹೇಳಬೇಕು. ತಲೆ ಆಡಿಸಿದ್ರೆ ನಾನು ಲೆಕ್ಕಕ್ಕೆ ತಗೊಳಲ್ಲ."

ಬಸ್ಸಿನ ಕಿಟಕಿಯ ಗಾಜು ಮಸುಕಾಗಿತ್ತು. ಹೊರಗಿನ ದೀಪಗಳು ನೀರಿನಲ್ಲಿ ಬಿದ್ದಂತೆ ಉದ್ದುದ್ದ ಹರಿದು ಹಿಂದಕ್ಕೆ ಹೋಗುತ್ತಿದ್ದವು. ಮುಂದಿನ ಸೀಟಿನವನ ಕತ್ತಿನ ಗಂಟು, ಪಕ್ಕದಾಕೆಯ ಊದಿದ ಕಣಕಾಲು, ಎಲ್ಲದರ ಮೇಲೂ ಸಂಕೇತಗಳು ಮಿಂಚುಹುಳುಗಳ ಹಾಗೆ ಬಂದು ಕೂತು ಹಾರುತ್ತಿದ್ದವು. ಯಾರೂ ಅವಳಿಂದ ಏನನ್ನೂ ಕೇಳುತ್ತಿರಲಿಲ್ಲ. ಇಳಿಯುವ ಸ್ಟಾಪು ಬರದೇ ಹೀಗೇ ಸಾಗುತ್ತಿರಲಿ ಅನ್ನಿಸಿತು. ಬಂತು.

ಮನೆಯಲ್ಲಿ ಭಾವ ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ಅಕ್ಕ ಊಟದ ಮೇಜಿನ ಮೇಲೆ ವೈದ್ಯರ ಪರೀಕ್ಷೆಯ ಅರ್ಜಿ ಹರಡಿಕೊಂಡು ಕೂತಿದ್ದಳು. ತಂಗಿಯ ಹೆಸರು, ಹುಟ್ಟಿದ ದಿನ, ಕಾಲೇಜು, ಎಲ್ಲ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ತಾನೇ ತುಂಬಿದ್ದಳು. ಫೋಟೋ ಅಂಟಿಸಿ, ಅದು ಒಣಗಲೆಂದು ಮೇಲೊಂದು ಲೋಟ ಇಟ್ಟಿದ್ದಳು.

"ಬಂದೆಯಾ? ನಾಳೆನೇ ಕೊನೇ ದಿನ ಕಣೇ. ಏನಾಯ್ತು ನಿನ್ನ ಗುಮಾಸ್ತೆ ಪರೀಕ್ಷೆ?"

"ಕೆಲಸ ಕೊಡ್ತಾರಂತೆ. ಎರಡು ವರ್ಷ ಇರ್ತೀನಿ ಅಂತ ಹೇಳಬೇಕಂತೆ."

"ಇರ್ತೀನಿ ಅಂದುಬಿಡು. ಅವರೇನು ಕಾಲಿಗೆ ಹಗ್ಗ ಕಟ್ತಾರಾ? ಪಾಸಾದ ದಿನ ಬಿಟ್ಟು ಬಾ."

"ಎರಡು ದೋಣಿ ಮೇಲೆ ಕಾಲಿಡೋದನ್ನ ನಿಮ್ಮಕ್ಕನ ಹತ್ರ ಕಲೀಬೇಕು" ಎಂದರು ಭಾವ, ತೋಳಿನ ಮಡಿಕೆಯಿಂದ ಕಣ್ಣೆತ್ತದೆ.

"ನೀವು ಸುಮ್ನೆ ಇಸ್ತ್ರಿ ಹಾಕಿ." ಅಕ್ಕ ಅರ್ಜಿಯನ್ನು ಇವಳತ್ತ ತಳ್ಳಿ, ಪೆನ್ನು ಕೈಗಿಟ್ಟಳು. "ಇಲ್ಲೊಂದು ಸಹಿ."

ಸಹಿ ಹಾಕಿದರೆ ಅಕ್ಕ ಖುಷಿ. ನಾಳೆ ಮೇಡಂಗೆ ಇರ್ತೀನಿ ಅಂದರೆ ಅವರೂ ಖುಷಿ. ತನಗೆ ಬೇಕಾದ ಒಂದೇ ಒಂದು ಕುರ್ಚಿಯಲ್ಲಿ ಸುಳ್ಳು ಹೇಳಿ ಕೂತು, ಒಂದು ದಿನ ಅಲ್ಲಿಂದ ಎದ್ದು, ಮತ್ತೆ ಆ ಬಾಗಿಲು ತೆರೆಯಬೇಕು. ಬೆಂಚಿನ ಮೇಲಿನ ತಲೆಗಳೆಲ್ಲ ಒಟ್ಟಿಗೆ ಏಳುತ್ತವೆ. ಪೆನ್ನಿನ ತುದಿ ಕಾಗದಕ್ಕೆ ತಾಗಿ ಒಂದು ಸಣ್ಣ ಚುಕ್ಕೆ ಬಿತ್ತು.

"ಹೆದರಿಕೇನಾ ಪುಟ್ಟಿ?" ಅಕ್ಕನ ದನಿ ಮೆತ್ತಗಾಯಿತು. "ನೀನು ಯಾವ ಪರೀಕ್ಷೆಗೆ ಹೆದರಿದೀಯ ಹೇಳು. ನಾನಿಲ್ವಾ, ನಾಲ್ಕಕ್ಕೆ ಎಬ್ಬಿಸ್ತೀನಿ."

ಈ ಮೆತ್ತಗಿನ ದನಿಯೇ ಕಷ್ಟ. ಬೈದಿದ್ದರೆ ತಲೆ ತಗ್ಗಿಸಿ ಸಹಿ ಹಾಕಿಬಿಡುತ್ತಿದ್ದಳೇನೋ. ಅಕ್ಕ ಅವಳ ಮುಖವನ್ನೇ ನೋಡುತ್ತಿದ್ದಳು. ಇಸ್ತ್ರಿಪೆಟ್ಟಿಗೆ ನಿಂತಿತ್ತು. ಅವಳು ಪೆನ್ನನ್ನು ಮೇಜಿನ ಮೇಲೆ, ಉರುಳಿ ಹೋಗದಂತೆ, ನಿಧಾನವಾಗಿ ಇಟ್ಟಳು.

"ಅಕ್ಕ, ನನಗೆ ಮತ್ತೆ ಡಾಕ್ಟರಾಗೋದು ಬೇಡ. ಅಲ್ಲಿದ್ದಾಗಲೂ ಬೇಡವಾಗಿತ್ತು."