ಬೂಟು ಬಿಟ್ಟು ಹತ್ತಿದ ವೇದಿಕೆ

ತೊಂಬತ್ತೇಳರಲ್ಲಿ ಅಮೆರಿಕದ ಏಪೆಕ್ಸ್ ಊರಿನ ಪೈನ್ ಹಿಲ್ ಚರ್ಚಿಗೆ ಹೊಸ ಬೋರ್ಡು ಬಂತು: ‘ದಿ ಪೋರ್ಚ್’. ಚರ್ಚು ಹೋಗಿ ಪೋರ್ಚಾಯಿತು, ಇನ್ನು ದೇವರು ಒಳಗೆ ಬರುತ್ತಾನೋ, ಜಗಲಿಯಲ್ಲೇ ಕೂತು ಚಪ್ಪಲಿ ಕಾಯುತ್ತಾನೋ ಎಂದು ಸ್ಯಾಮುವೆಲ್ ಕರಬಸಪ್ಪ ಹೆಂಡತಿಯ ಮುಂದೆ ಚೇಷ್ಟೆ ಮಾಡಿದ್ದ. ಈ ಭಾನುವಾರ ಮಧ್ಯಾಹ್ನ ಅದೇ ಪೋರ್ಚಿನ ವೇದಿಕೆ ಹತ್ತಲು ಕಾಯುತ್ತ ಕೂತಿದ್ದ. ಅವನ ಸರದಿಗೆ ಐದೇ ನಿಮಿಷವಿತ್ತು.

ಬೆಟಗೇರಿಯ ಮಿಷನ್ ಕಾಂಪೌಂಡಿನಲ್ಲಿ ಬೆಳೆದವನಿಗೆ ಯಾರ ದನಿಯನ್ನಾದರೂ ಕದಿಯುವ ಗಂಟಲು. ಆಫೀಸಿನಲ್ಲಿ ಮ್ಯಾನೇಜರ್, ಮನೆಯಲ್ಲಿ ಮಾವ, ಕಳೆದ ತಿಂಗಳ ಚರ್ಚ್ ಪಿಕ್ನಿಕ್ಕಿನಲ್ಲಿ ಮುದಿ ಪಾಸ್ಟರ್ ವಿಟ್‌ಫೀಲ್ಡ್. ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಹೊಸ ಪಾಸ್ಟರ್ ಗ್ರೆಗ್ ಅದನ್ನು ನೆನಪಿಟ್ಟುಕೊಂಡಿದ್ದ.

‘ಇದೇ ಸತ್ಯ, ಒಪ್ಕೊಳ್ಳಿ ಅಂದ್ರೆ ಈಗಿನ ಜನ ಎದ್ದು ಹೋಗ್ತಾರೆ, ಸ್ಯಾಮ್,’ ಎಂದಿದ್ದ ಬುಧವಾರ, ಜೀನ್ಸಿನ ಜೇಬಿಗೆ ಕೈ ಇಳಿಬಿಟ್ಟು. ‘ಇದು ನನ್ನ ಕತೆ, ನಿಂದೇನು ಹೇಳು ಅಂದ್ರೆ ಕಾಫಿ ಹಿಡ್ಕೊಂಡು ಕೂತ್ಕೋತಾರೆ. ವೋಟಿಗೆ ಮುಂಚೆ ಮೂರೇ ನಿಮಿಷ ಹಳೇ ಆರಾಧನೆ ಹೇಗಿರುತ್ತೆ ಅಂತ ಮಾಡಿ ತೋರಿಸು.’

ಗ್ರೆಗ್ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಎರಡು ವರ್ಷದ ಹಿಂದೆ ಅರವತ್ತು ಜನ ಬರುತ್ತಿದ್ದ ಕಡೆ ಈಗ ಮುನ್ನೂರು. ಶಿಲುಬೆಯ ಜಾಗದಲ್ಲಿ ಬಿಳಿ ಪರದೆ, ಪ್ರಸಂಗಪೀಠದ ಜಾಗದಲ್ಲಿ ಡ್ರಮ್ಸು. ಉಳಿದದ್ದು ಬೆಳಗಿನ ಎಂಟೂವರೆಯ ಆರಾಧನೆಯೊಂದೇ. ನಿವೃತ್ತರಾದ ವಿಟ್‌ಫೀಲ್ಡ್ ಮೂವತ್ತು ಮುದುಕರಿಗೆ ಅಲ್ಲಿ ಕೀರ್ತನೆ ಹಾಡಿಸುತ್ತಿದ್ದರು. ಅದನ್ನು ಮುಚ್ಚಬೇಕೇ ಬೇಡವೇ ಎಂಬುದೇ ಇವತ್ತಿನ ವೋಟು. ಜನ ನಕ್ಕರೆ ಮುಚ್ಚಿದಂತೆಯೇ. ಸ್ಯಾಮುವೆಲ್‌ಗೆ ಅದು ಬುಧವಾರವೂ ಗೊತ್ತಿತ್ತು. ಹೊಗಳಿಕೆಯ ಬಿಸಿಯಲ್ಲಿ ಹೂಂ ಅಂದುಬಿಟ್ಟಿದ್ದ.

‘ವಿಟ್‌ಫೀಲ್ಡ್ ಅಯ್ಯನವರು ಬಂದಾರ್ರಿ,’ ಪಕ್ಕದಲ್ಲಿ ಆರತಿ ಪಿಸುಗುಟ್ಟಿದಳು. ‘ಮುಂದಿನ ಸಾಲಿನ್ಯಾಗ ಕುಂತಾರ.’

‘ಕಂಡೇನಿ. ನೀ ಸುಮ್ಕಿರು.’

‘ನಾ ಸುಮ್ಕಽ ಇರ್ತೀನಿ. ನಿಮ್ಮ ಅವ್ವಗ ಮಣ್ಣು ಹಾಕಿದ ಕೈ ಅದು. ಅಷ್ಟು ನೆಪ್ಪಿರ್ಲಿ.’

ನಾಲ್ಕು ವರ್ಷದ ಹಿಂದೆ ಮಗನನ್ನು ನೋಡಲು ಬಂದ ಅವ್ವ ಪಕ್ಕದ ರಾಲಿಯ ಆಸ್ಪತ್ರೆಯಲ್ಲಿ ಮಲಗಿದಾಗ ಅವಳಿಗೆ ಒಂದಕ್ಷರ ಇಂಗ್ಲಿಷು ಬರುತ್ತಿರಲಿಲ್ಲ. ‘ನಿಮ್ಮ ಭಾಷೆಯಲ್ಲಿ ಏನು ಹೇಳಲಿ, ಮಗೂ?’ ಎಂದು ವಿಟ್‌ಫೀಲ್ಡ್ ಕೇಳಿ, ಸ್ಯಾಮುವೆಲ್ ಹೇಳಿದ್ದನ್ನು ಚೀಟಿಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು, ಹನ್ನೊಂದು ದಿನ ಬಂದು ಹೇಳಿಹೋಗಿದ್ದರು.

‘ಸ್ಯಾಮ್, ಬಾ!’ ಗ್ರೆಗ್ ಮೈಕಿನಲ್ಲಿ ಕರೆದ.

ಸ್ಯಾಮುವೆಲ್ ಎದ್ದ. ವೇದಿಕೆಯ ಮೆಟ್ಟಿಲ ಬುಡದಲ್ಲಿ, ಬೆಟಗೇರಿಯ ರೂಢಿ, ತನಗೇ ತಿಳಿಯದಂತೆ ಬೂಟು ಕಳಚಿಟ್ಟು ಹತ್ತಿದ. ಎಡಗಾಲಿನ ಸಾಕ್ಸಿನಿಂದ ಹೆಬ್ಬೆರಳು ಇಣುಕಿತ್ತು. ಅದೂ ನಾಟಕದ್ದೇ ಎಂದುಕೊಂಡು ಸಭೆ ಕಿಸಕ್ಕೆಂದಿತು.

ಅವನು ಕನ್ನಡಕ ಮೂಗಿನ ತುದಿಗೆ ಇಳಿಸಿದ. ಎರಡು ಸಲ ಕೆಮ್ಮಿದ. ‘ಬ್ರಾ-ದರ್ಸ್ ಎಂಡ್ ಸಿ-ಸ್ಟರ್ಸ್’ ಎಂದು ಬೆಲ್ಲದ ಪಾಕದಂತೆ ಎಳೆದ. ಮುನ್ನೂರು ಬಾಯಿ ಒಮ್ಮೆಗೇ ತೆರೆದವು. ವಿಟ್‌ಫೀಲ್ಡ್ ಕೂಡ ತೊಡೆ ತಟ್ಟಿ ನಕ್ಕರು. ಸ್ಯಾಮುವೆಲ್‌ನ ಎದೆಗೆ ಚುಚ್ಚಿದ್ದು ಆ ನಗುವೇ. ಮುಂದಿನದು, ಮುದುಕ ತನ್ನ ಪ್ರಸಂಗಕ್ಕೆ ತಾನೇ ತೂಕಡಿಸುವ ಭಾಗ. ಗ್ರೆಗ್ ಆಗಲೇ ಚಪ್ಪಾಳೆಗೆ ಕೈ ಎತ್ತಿದ್ದ.

ಸ್ಯಾಮುವೆಲ್ ತೂಕಡಿಸಲಿಲ್ಲ. ಬಗ್ಗಿ, ಇಲ್ಲದ ಮಂಚದ ಮೇಲಿನ ಇಲ್ಲದ ಕೈ ಹಿಡಿದ. ಅದೇ ಎಳೆದ ದನಿಯಲ್ಲಿ ಹೇಳಿದ:

‘ಅವ್ವಾ, ಯಾಂಜಬ್ಯಾಡಾ. ಡೇವರು ಇಲ್ಲೇ ಯಾದಾನ.’

ಸಭೆಗೆ ಅರ್ಥವಾಗಲಿಲ್ಲ. ಒಂದಿಬ್ಬರು ನಕ್ಕು, ಜೊತೆ ಸಿಗದೆ ನಿಲ್ಲಿಸಿದರು. ಅವನು ಮತ್ತೊಮ್ಮೆ ಹೇಳಿದ. ಮುಂದಿನ ಸಾಲಿನಲ್ಲಿ ವಿಟ್‌ಫೀಲ್ಡರ ತುಟಿ ಅವನ ಜೊತೆ ಅಲುಗುತ್ತಿತ್ತು. ಸ್ಯಾಮುವೆಲ್ ತನ್ನ ದನಿಗೆ ಮರಳಿ, ಆ ಮಾತು ಏನು, ಯಾರು ಯಾರಿಗೆ ಹೇಳಿದ್ದು ಎಂದು ಇಂಗ್ಲಿಷಿನಲ್ಲಿ ಎರಡೇ ವಾಕ್ಯ ಹೇಳಿ ಕೆಳಗಿಳಿದ. ಚಪ್ಪಾಳೆ ಬರಲಿಲ್ಲ.

ಕೈ ಎತ್ತಿಸಿ ಎಣಿಸಿದರು. ಮುಚ್ಚಲು ನೂರ ಐವತ್ನಾಲ್ಕು, ಬೇಡವೆನ್ನಲು ನೂರ ನಲವತ್ತೇಳು. ಏಳು ಕೈ. ಮೊದಲ ನಗು ತರಿಸಿದ್ದು ತಾನೇ ಎಂದುಕೊಂಡು ಸ್ಯಾಮುವೆಲ್ ಆ ಏಳನ್ನು ಬೆರಳಲ್ಲಿ ಮತ್ತೆ ಎಣಿಸಿದ.

ಗ್ರೆಗ್ ಓಡಿಬಂದು ತಬ್ಬಿಕೊಂಡ. ಅವನ ಕಣ್ಣು ನಿಜವಾಗಿಯೂ ಒದ್ದೆಯಾಗಿದ್ದವು. ‘ಸ್ಯಾಮ್, ಇದೇ ನಾನು ಹೇಳ್ತಿದ್ದ ಕತೆ! ಮುಂದಿನ ವಾರ ಮತ್ತೆ ಮಾಡು. ಸ್ಪಾಟ್‌ಲೈಟ್ ಹಾಕೋಣ, ಪರದೆ ಮೇಲೆ ಅರ್ಥ ತೋರಿಸೋಣ. ಬೂಟು ಬಿಚ್ಚೋದನ್ನ ಮಾತ್ರ ಮರೀಬೇಡ.’

‘ಆಗಲ್ಲ,’ ಎಂದ ಸ್ಯಾಮುವೆಲ್. ‘ಅದು ಒಂದೇ ಸಲದ್ದು.’

ಬೂಟು ಹುಡುಕಿಕೊಂಡು ಹೋದರೆ, ವಿಟ್‌ಫೀಲ್ಡ್ ಅದರ ಪಕ್ಕದ ಮೆಟ್ಟಿಲಲ್ಲೇ ಕುಳಿತಿದ್ದರು.

‘ಕೆಮ್ಮು ಸರಿಯಾಗಿತ್ತು,’ ಎಂದರು. ‘ಕನ್ನಡ ಮಾತ್ರ ನಾನು ಅಷ್ಟು ಕೆಟ್ಟದಾಗಿ ಹೇಳಿರಲಿಲ್ಲ.’

‘ಅದಕ್ಕಿಂತ ಕೆಟ್ಟದಾಗಿ ಹೇಳಿದ್ರಿ, ಪಾಸ್ಟರ್. ಅವ್ವ ಮಗ್ಗಲು ತಿರುಗಿ ನಗ್ತಿದ್ದಳು.’

ಆರತಿ ಹತ್ತಿರ ಬಂದು ಗಂಡನ ಕಡೆ ನೋಡದೆ ಅವರಿಗೇ ಹೇಳಿದಳು: ‘ಮುಂದಿನ ಭಾನುವಾರ ಎಂಟೂವರೆಗೆ ನಮ್ಮ ಅಪಾರ್ಟ್‌ಮೆಂಟಿಗೆ ಬನ್ನಿ. ಮೂವತ್ತು ಜನ ಒತ್ತಿಕೊಂಡು ಕೂರಬಹುದು.’

‘ಬೂಟು ಬಾಗಿಲಲ್ಲಿ ಬಿಡಬೇಕೇನಮ್ಮ?’

‘ಬಿಡಬೇಕು.’

ವಿಟ್‌ಫೀಲ್ಡ್ ಬಗ್ಗಿ ತಮ್ಮ ಲೇಸಿನ ಗಂಟಿಗೆ ಕೈ ಹಾಕಿದರು. ಗಂಟು ಬೇಗ ಬಿಡಲಿಲ್ಲ. ‘ಎಷ್ಟು ಹೊತ್ತು ಹಿಡಿಯುತ್ತೆ ನೋಡ್ತೇನೆ, ತಡಿ. ಎಂಟೂವರೆಗೆ ಶುರುವಾಗಬೇಕಾದರೆ ನಾವು ಮುದುಕರು ಎಂಟಕ್ಕೇ ಬರಬೇಕಾದೀತು.’