ಒಂದಿಂಚು ಕಡಿಮೆ

ಇಸ್ತ್ರಿಪೆಟ್ಟಿಗೆ ಕೈಗೆ ತಗುಲಿದ್ದು ಅಕ್ಕನಿಗೆ ಗೊತ್ತೇ ಆಗಿರಲಿಲ್ಲ. ಸುಟ್ಟ ವಾಸನೆ ಬಂದ ಮೇಲೆ ಕೈ ತೆಗೆದಿದ್ದಳು. ಅಕ್ಕನ ಹೊಲಿಗೆ ಅಂಗಡಿಯಲ್ಲೇ ಗುಂಡಿಗೆ ಕಾಜ ಹೊಲಿಯುತ್ತ ಕೂತಿದ್ದ ತಂಗಿ ನೋಡಿಬಿಟ್ಟಳು. ನೋಡುವುದೇ ಅವಳ ಕೆಲಸವಾಗಿ ನಾಲ್ಕು ವರ್ಷವಾಗಿತ್ತು, ಅಕ್ಕನ ಎದೆಯ ಕ್ಯಾನ್ಸರ್ ಎಲುಬಿಗೆ ಹಬ್ಬಿದೆ ಎಂದು ತಿಳಿದಂದಿನಿಂದ. ವಾಸಿಯಾಗದು, ಹತೋಟಿಯಲ್ಲಿಡಬಹುದು ಎಂದಿದ್ದರು ಡಾಕ್ಟರು. ಈಗಿನ ಔಷಧಿ ರೋಗವನ್ನೇನೋ ತಡೆದು ನಿಲ್ಲಿಸಿತ್ತು. ಆದರೆ ಅದರಿಂದಲೇ ಬೆರಳುಗಳು ದಿನದಿಂದ ದಿನಕ್ಕೆ ಮರಗಟ್ಟುತ್ತಿದ್ದವು.

"ನರ್ಸ್ ಹತ್ರ ಬಾಯಿ ಬಿಟ್ಟೀಯ, ಜೋಕೆ," ಅಂದಿದ್ದಳು ಅಕ್ಕ. "ಔಷಧಿ ಕಡಿಮೆ ಮಾಡ್ತಾರೆ. ಬಟ್ಟೆ ಒಂದಿಂಚು ಕಡಿಮೆ ಬಿದ್ರೆ ಅಂಗಿ ಮೈಗೆ ಬರುತ್ತಾ? ಮೂವತ್ತು ವರ್ಷದಿಂದ ಕತ್ತರಿ ಹಿಡಿದಿದೀನಿ, ನನಗೆ ಹೇಳ್ಕೊಡ್ಬೇಡ."

ಆ ವಾರ ಇಬ್ಬರೂ ಹೋದ ಆಸ್ಪತ್ರೆಯ ಕೋಣೆಯಲ್ಲಿ ಔಷಧಿ ಕೊಡುತ್ತಿರಲಿಲ್ಲ. ರೋಗವನ್ನು ಜೊತೆಗಿಟ್ಟುಕೊಂಡೇ ಬದುಕುವವರ ನೋವು, ನಿದ್ದೆ, ಕೆಲಸ ವಿಚಾರಿಸಲು ಇದ್ದ ಕೋಣೆ ಅದು.

"ಕೈ ಜೋಮು ಹಿಡಿಯುತ್ತಾ?" ನರ್ಸ್ ಕೇಳಿದಳು. "ಗುಂಡಿ ಹಾಕ್ಕೊಳ್ಳೋಕೆ ಕಷ್ಟ ಆಗುತ್ತಾ?"

"ಊರವರ ಗುಂಡಿ ಹಾಕಿಯೇ ಹೊಟ್ಟೆ ಹೊರೀತಿರೋಳಮ್ಮ ನಾನು," ಎಂದು ಅಕ್ಕ ನಕ್ಕಳು. ಸುಟ್ಟ ಕೈ ಮಡಿಲ ಮೇಲಿದ್ದ ಚೀಲದ ಅಡಿಯಲ್ಲಿತ್ತು.

ನರ್ಸ್ 'ಇಲ್ಲ' ಎಂದು ಬರೆಯಲು ಪೆನ್ನು ಊರಿದಳು. ತಂಗಿ ಅಕ್ಕನ ಮಡಿಲ ಮೇಲಿನ ಚೀಲ ನೋಡಿದಳು. ಹೇಳಿದರೆ ಔಷಧಿಗೆ ಕತ್ತರಿ, ಹೇಳದಿದ್ದರೆ ಕೈಗೆ. ಆರಿಸಲು ತಾನು ಯಾರು? ಬಾಯಿ ಬಿಡಬೇಡ ಅಂದಿದ್ದಳು ಅಕ್ಕ, ತಂಗಿ ಬಿಡಲಿಲ್ಲ. ಚೀಲವನ್ನು ಎತ್ತಿ ತನ್ನ ಮಡಿಲಿಗಿಟ್ಟುಕೊಂಡಳು.

ಗಾಯ ನೋಡಿದ ನರ್ಸ್ ಬೈಯಲಿಲ್ಲ. ಎದ್ದುಹೋಗಿ ಡಾಕ್ಟರನ್ನು ಕೇಳಿ ಬಂದಳು. "ಮುಂದಿನ ಸಲದಿಂದ ಸ್ವಲ್ಪ ಕಡಿಮೆ ಕೊಡ್ತಾರೆ. ಹೀಗೇ ಮುಚ್ಚಿಟ್ಟಿದ್ರೆ ನರ ಇನ್ನೂ ಕೆಟ್ಟು ಔಷಧಿ ಪೂರ್ತಿ ನಿಲ್ಲಿಸಬೇಕಾಗ್ತಿತ್ತು."

"ಕಡಿಮೆ ಕೊಟ್ರೂ ಹತೋಟೀಲಿ ಇರುತ್ತಾ?" ಅಕ್ಕನ ದನಿಯಲ್ಲಿ ನಗು ಇರಲಿಲ್ಲ.

"ತುಂಬ ಜನಕ್ಕೆ ಇರುತ್ತೆ. ಖಂಡಿತ ಅಂತ ಹೇಳಲಾರೆ."

ಬಸ್ಸಿನಲ್ಲಿ ಅಕ್ಕ ಬೇರೆ ಸೀಟಿನಲ್ಲಿ ಕೂತಳು. ಅಂಗಡಿಯ ಬೀಗ ತೆಗೆಯಲು ಅವಳ ಬೆರಳಿಗಾಗಲಿಲ್ಲ. ತಂಗಿ ಕೈಚಾಚಿದರೂ ಕೀಲಿ ಕೊಡದೆ ಮೂರನೆಯ ಸಲಕ್ಕೆ ತಾನೇ ತೆಗೆದಳು. ಸಂಜೆ ಕೊಡಬೇಕಿದ್ದ ಅಂಗಿಯನ್ನು ಮೇಜಿನ ಮೇಲೆ ಹರಡಿ, ಇಸ್ತ್ರಿಪೆಟ್ಟಿಗೆಯನ್ನು ತಂಗಿಯತ್ತ ತಳ್ಳಿದಳು.

"ಇನ್ಮೇಲೆ ಇದು ನಿನ್ನ ಕೆಲಸ. ಹೇಗೂ ಹದ್ದಿನ ಕಣ್ಣು ನಿಂದು."

ತಂಗಿ ಪ್ಲಗ್ ಹಾಕಿದಳು. ಪೆಟ್ಟಿಗೆ ಕಾಯುವವರೆಗೆ ಅಕ್ಕ ಅಂಗಿಯ ಸುಕ್ಕನ್ನು ಅಂಗೈಯಿಂದ ನೀವಿದಳು. ಕಡಿಮೆ ಔಷಧಿ ಸಾಕಾಯಿತೇ ಎಂದು ತಿಳಿಸುವ ಸ್ಕ್ಯಾನಿಗೆ ಇನ್ನೂ ಒಂಬತ್ತು ವಾರವಿತ್ತು.